ಮೊಸಳೆ ಬ್ಯಾಂಕಿನಲ್ಲಿ ಒಂದು ಭಾನುವಾರ

ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ನೌಕರಿಯಲ್ಲಿರುವ ನನಗೆ ಭಾನುವಾರವೂ ಇನ್ನೊಂದು ಬ್ಯಾಂಕಿಗೆ ಹೋಗಬೇಕಾಗಿ ಬರುವುದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಳೆದ ಜನವರಿಯಲ್ಲಿ ಆದದ್ದು ಅದೇ. ಎರಡನೆಯ ತರಗತಿಯ ಮಗಳು ಶಾಲೆಯಿಂದ ಬಂದವಳೇ, “ಅಪ್ಪ, ಮೊಸಳೆಗೂ ಬ್ಯಾಂಕ್ ಇದೆಯಂತೆ, ನಿನಗೆ ಗೊತ್ತಾ?” ಎಂದು ಕೇಳಿದಳು. ಐದು ವರ್ಷದ ಮಗನಿಗೆ ಮೊಸಳೆಗಳು ಚೆಕ್ಕು ಹಿಡಿದು ಸಾಲಿನಲ್ಲಿ ನಿಂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಇನ್ನು ಹೋಗದೆ ವಿಧಿಯಿರಲಿಲ್ಲ.

ಚೆನ್ನೈ ನಗರದಿಂದ ಮಹಾಬಲಿಪುರಕ್ಕೆ ಹೋಗುವ ಪೂರ್ವ ಕರಾವಳಿ ರಸ್ತೆಯಲ್ಲಿ, ಸುಮಾರು ನಲವತ್ತು ಕಿಲೋಮೀಟರು ದೂರದ ವಡನೆಮ್ಮೇಲಿಯಲ್ಲಿ, ಸಮುದ್ರಕ್ಕೆ ಬೆನ್ನು ಕೊಟ್ಟು ಈ ಮದ್ರಾಸ್ ಮೊಸಳೆ ಬ್ಯಾಂಕು ಇದೆ. ನನ್ನ ಶ್ರೀಮತಿ ಮೈಸೂರಿನವಳು. 1892ರಲ್ಲಿ ಆರಂಭವಾದ ಅಲ್ಲಿಯ ಮೃಗಾಲಯವನ್ನು ನೋಡುತ್ತ ಬೆಳೆದವಳು. ಆನೆ, ಜಿರಾಫೆ, ಹುಲಿಗಳಿಲ್ಲದ ಮೃಗಾಲಯವೂ ಒಂದು ಮೃಗಾಲಯವೇ ಎಂಬುದು ಬಸ್ಸಿನಲ್ಲಿ ಅವಳು ಎತ್ತಿದ ಆಕ್ಷೇಪ. ಮಗನಿಗೆ ಅಜ್ಜಿ ಹೇಳಿದ್ದ ಗಜೇಂದ್ರಮೋಕ್ಷದ ಕಥೆ ಚೆನ್ನಾಗಿ ನೆನಪಿತ್ತು. ಮೊಸಳೆ ಇದ್ದ ಮೇಲೆ ಆನೆ ಇರಲೇಬೇಕು ಎಂದು ಅವನ ವಾದ.

ಒಳಗೆ ಹೋದೊಡನೆ ಎಲ್ಲರೂ ಮೌನವಾದೆವು. ತಗ್ಗುಗೋಡೆಯ ಆಚೆ, ಕೊಳದ ದಡದಲ್ಲಿ, ನಮ್ಮ ನದಿಗಳಲ್ಲಿ ಕಾಣುವ ಜಾತಿಯ ಮೊಸಳೆಗಳು ಒಂದರ ಮೇಲೊಂದು ಸೌದೆ ಒಟ್ಟಿದಂತೆ ಬಿದ್ದುಕೊಂಡಿದ್ದವು. ಕೆಲವು ಬಾಯಿ ತೆರೆದಿದ್ದವು. ಅದು ಕೋಪವಲ್ಲ, ಬೆವರಲಾರದ ಆ ಪ್ರಾಣಿ ತಲೆಯ ಶಾಖವನ್ನು ಹೊರಹಾಕುವ ಬಗೆ. ಮಗ, “ಇವು ಬೊಂಬೆ, ಅಪ್ಪ” ಎಂದ. ಅಲ್ಲವೆಂದು ತೋರಿಸುವ ಉತ್ಸಾಹದಲ್ಲಿ ನಾನು ಕಾಲಬಳಿಯ ಪುಟ್ಟ ಕಲ್ಲೊಂದನ್ನು ಎತ್ತಿ ಎಸೆದುಬಿಟ್ಟೆ.

ಕಲ್ಲು ಒಂದು ಮೊಸಳೆಯ ಬೆನ್ನಿಗೆ ತಾಗಿ ಉರುಳಿತು. ಅದು ಅಲುಗಲಿಲ್ಲ. ಅಲುಗಿದವನು ಅಲ್ಲಿಯ ಕಾವಲುಗಾರ. ಗದರಿಸದೆ, ಮೆಲ್ಲನೆ ತಮಿಳಿನಲ್ಲಿ, “ಸಾರ್, ಬಂದವರೆಲ್ಲ ಒಂದೊಂದು ಕಲ್ಲು ಎಸೆದರೆ ಇದರ ಕಣ್ಣು ಉಳಿಯುತ್ತದೆಯೇ?” ಎಂದು ಕೇಳಿದ. ಕೌಂಟರಿನ ಆಚೆ ಕುಳಿತು ಇತರರಿಗೆ ನಿಯಮ ಹೇಳಿ ರೂಢಿಯಾದವನಿಗೆ ಉತ್ತರ ಹೊಳೆಯಲಿಲ್ಲ. “ನಾಯಿಗೆ ಕಲ್ಲು ಹೊಡೀಬಾರ್ದು ಅಂತ ನೀನೇ ಹೇಳಿದ್ದೆ ಅಲ್ವಾ?” ಎಂದಳು ಮಗಳು. ಅರ್ಧ ಗಂಟೆ ಅವಳು ನನ್ನ ಕೈ ಹಿಡಿಯಲಿಲ್ಲ.

ಬ್ಯಾಂಕು ಎಂಬ ಹೆಸರು ಬರಿಯ ಅಲಂಕಾರವಲ್ಲವೆಂಬುದು ಮುಂದೆ ತಿಳಿಯಿತು. ಚರ್ಮಕ್ಕಾಗಿ ನಡೆದ ಬೇಟೆಯಿಂದ 1970ರ ದಶಕದ ಹೊತ್ತಿಗೆ ನಮ್ಮ ದೇಶದ ಮೂರು ಜಾತಿಯ ಮೊಸಳೆಗಳೂ ಅಳಿವಿನ ಅಂಚಿಗೆ ಬಂದಿದ್ದವು. ಮೀನು ಹಿಡಿಯಲು ತಕ್ಕಂತೆ ಕೋಲಿನಂಥ ಮೂತಿಯ, ಗಂಡಿನ ಮೂಗಿನ ತುದಿಯಲ್ಲಿ ಪುಟ್ಟ ಮಡಕೆಯಂಥ ಗುಬುಟುಳ್ಳ ಘರಿಯಾಲ್ ಇನ್ನೂರಕ್ಕೂ ಕಡಿಮೆ ಉಳಿದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಲ್ಲಿಸಿತು. 1976ರಲ್ಲಿ ರೋಮ್ಯುಲಸ್ ವಿಟೇಕರ್ ಮತ್ತು ಅವರ ಸಂಗಡಿಗರು ಇಲ್ಲಿ ಮೊಸಳೆಗಳನ್ನು ಠೇವಣಿಯಾಗಿಟ್ಟು, ಬಡ್ಡಿಯಾಗಿ ಬಂದ ಮರಿಗಳನ್ನು ನದಿಗಳಿಗೆ ಮರಳಿಸುವ ಉದ್ದೇಶದಿಂದ ಈ ಸಂಸ್ಥೆಯನ್ನು ಕಟ್ಟಿದರು.

ಬಡ್ಡಿಯ ದರ ಮಾತ್ರ ನಮ್ಮ ಯಾವ ಯೋಜನೆಯಲ್ಲೂ ಇಲ್ಲದ್ದು. ಒಂದು ಹೆಣ್ಣು ಒಂದು ಸಲಕ್ಕೆ ಇಪ್ಪತ್ತೈದು ಮೂವತ್ತು ಮೊಟ್ಟೆ ಇಡುತ್ತದೆ. ಇಲ್ಲಿ ಕೆಲವು ವರ್ಷಕ್ಕೆರಡು ಬಾರಿ ಇಟ್ಟದ್ದೂ ಉಂಟು. ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಉಷ್ಣತೆ ನಿರ್ಧರಿಸುತ್ತದೆ. ಮೊಟ್ಟೆಯೊಡೆದ ಮರಿಗಳನ್ನು ತಾಯಿ ಬಾಯಲ್ಲಿ ಕಚ್ಚಿಕೊಂಡು ನೀರಿಗೆ ಒಯ್ಯುತ್ತದೆ, ತಂದೆ ಮೊಸಳೆಯೂ ಹಾಗೆ ಮಾಡಿದ್ದನ್ನು ಇಲ್ಲಿ ಕಂಡಿದ್ದಾರೆ ಎಂದು ತಿಳಿದಾಗ ಮಗಳ ಸಿಟ್ಟು ಇಳಿಯಿತು. “ನೀನೂ ನನ್ನನ್ನ ಹಾಗೇ ಎತ್ತಿಕೊಂಡು ಹೋಗ್ತಿದ್ದೆಯಾ?” ಎಂದಳು. ಬಾಯಲ್ಲಿ ಅಲ್ಲ ಎಂದೆ.

ಆದರೆ ಠೇವಣಿ ಬೆಳೆದರೆ ಸಾಲದು, ಅದನ್ನು ಪಡೆಯುವವರೂ ಬೇಕು. ಇಲ್ಲಿಯ ಮರಿಗಳು ಹಲವು ರಾಜ್ಯಗಳಿಗೆ ಹೋದವು. 1990ರ ದಶಕದಲ್ಲಿ ಬಿಡುಗಡೆ ನಿಂತಿತು. ಅಣೆಕಟ್ಟು, ಮರಳು ಗಣಿ, ಮೀನಿನ ಬಲೆಗಳ ನಡುವೆ ನದಿಗಳಲ್ಲಿ ಸ್ಥಳವೇ ಉಳಿದಿರಲಿಲ್ಲ. ಮೊಟ್ಟೆ ಮರಿಯಾಗದಂತೆ ತಡೆಯುವುದೇ ಇಲ್ಲಿ ಒಂದು ಕೆಲಸವಾಯಿತು. 2022ರ ಸುಮಾರಿಗೆ ಸಾವಿರದಷ್ಟು ಮೊಸಳೆಗಳನ್ನು ಗುಜರಾತಿನ ಜಾಮನಗರದ ಕೇಂದ್ರವೊಂದಕ್ಕೆ ಕಳುಹಿಸುವ ಏರ್ಪಾಡಾಯಿತು. ಖಾತೆಯಲ್ಲಿ ಹಣ ತುಂಬಿದ್ದೂ ಖರ್ಚು ಮಾಡಲು ಊರೇ ಇಲ್ಲದವನ ಸ್ಥಿತಿ ಇದು.

ಇದೇ ಆವರಣದಲ್ಲಿ ಇರುಳರ ಸಹಕಾರ ಸಂಘದ ವಿಷ ಸಂಗ್ರಹಣ ಕೇಂದ್ರವನ್ನು ಕಂಡೆವು. ಈ ವಿಶೇಷಾಂಕದ ಆರೋಗ್ಯ ವಿಭಾಗಕ್ಕೆ ಬರೆಯಲು ನನ್ನನ್ನು ಪ್ರೇರಿಸಿದ್ದು ಅದೇ. ಇರುಳರು ಹಾವು ಹಿಡಿದು ಚರ್ಮ ಮಾರಿ ಬದುಕುತ್ತಿದ್ದವರು. ಕಾಯಿದೆ ಬಂದು ಆ ಕಸುಬು ಹೋಯಿತು. 1978ರಲ್ಲಿ ಸ್ಥಾಪಿತವಾದ ಈ ಸಂಘದ ಮೂಲಕ ಅದೇ ಕೈಗಳು ಈಗ ಹಾವುಗಳನ್ನು ಹಿಡಿದು, ಕೆಲವು ವಾರ ಮಣ್ಣಿನ ಮಡಕೆಗಳಲ್ಲಿಟ್ಟು, ವಿಷ ತೆಗೆದು, ಗುರುತು ಮಾಡಿ ಕಾಡಿಗೆ ಬಿಡುತ್ತವೆ. ಆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿರೋಧಕ ಅಂಶದಿಂದ ಔಷಧ ಮಾಡುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಔಷಧ. 2023ರಲ್ಲಿ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಎಂಬ ಇಬ್ಬರು ಇರುಳ ಹಾವಾಡಿಗರಿಗೆ ಪದ್ಮಶ್ರೀ ದೊರೆಯಿತು.

ಕೊಳಕುಮಂಡಲವೊಂದು ಗಾಜಿನ ಪಾತ್ರೆಯ ಅಂಚನ್ನು ಕಚ್ಚಿತು. ಕೆಲವೇ ಹನಿ ಹಳದಿ ದ್ರವ. “ಇದು ಕಚ್ಚಿದ್ರೆ ಸಾಯ್ತಾರಾ?” ಎಂದು ಮಗಳು ಕೇಳಿದಳು. ನಾನು ಇದುವರೆಗೆ ಮಕ್ಕಳಿಗೆ ಹೇಳದಿದ್ದ ಸಂಗತಿ ಆಗ ಹೇಳಿದೆ. ನನಗೆ ಹತ್ತು ವರ್ಷವಾಗಿದ್ದಾಗ, ಹಾಸನದ ಕಡೆಯ ನಮ್ಮ ಊರಿನಲ್ಲಿ, ದೊಡ್ಡಪ್ಪನ ಹಿರಿಯ ಮಗನಿಗೆ ಸಂಜೆ ಗದ್ದೆಯ ಬದುವಿನಲ್ಲಿ ಹಾವು ಕಚ್ಚಿತು. ತೊಡೆಗೆ ಹುರಿಹಗ್ಗ ಬಿಗಿದರು, ಗಾಯ ಕೊಯ್ದರು, ಮಂತ್ರ ಹಾಕುವವನ ಬಳಿಗೆ ಗಾಡಿಯಲ್ಲಿ ಕರೆದೊಯ್ದರು. ಆಸ್ಪತ್ರೆ ಮುಟ್ಟುವಾಗ ಬೆಳಗಾಗಿತ್ತು. ನಮ್ಮಣ್ಣ ಉಳಿಯಲಿಲ್ಲ. ಅವನ ಸೈಕಲ್ಲು ಬಹಳ ಕಾಲ ಜಗಲಿಯ ಮೇಲೆ ನಿಂತೇ ಇತ್ತು.

ಇದು ಹಳೆಯ ಕಾಲದ ಮಾತಲ್ಲ. 2000ದಿಂದ 2019ರವರೆಗಿನ ಅಂಕಿಗಳನ್ನು ಪರಿಶೀಲಿಸಿದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತಿದ್ದಾರೆ, ಬಹುಪಾಲು ಹಳ್ಳಿಗರು. 2024ರಲ್ಲಿ ಕರ್ನಾಟಕ ಸರ್ಕಾರ ಪ್ರತಿ ಹಾವು ಕಡಿತದ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ವಿಧಿಸಿತು. ನಾವು ನಗರವಾಸಿಗಳು ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋಗುವವರಾದ್ದರಿಂದ ಇಷ್ಟು ತಿಳಿದಿರಲೇಬೇಕು. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು, ಹಾವನ್ನು ಹುಡುಕುತ್ತ ಕೂರಬಾರದು. ಬಳೆ, ಉಂಗುರ ತೆಗೆದು, ಮುರಿದ ಕೈಕಾಲಿಗೆ ಮಾಡುವಂತೆ ಪಟ್ಟಿ ಕಟ್ಟಿ ಅಲುಗದಂತಿರಿಸಿ, ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು. ಕಟ್ಟುಹಾವಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅದು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ನೋವಾಗಲಿ ಗುರುತಾಗಲಿ ಕಾಣದೆಯೂ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು ಕಂಡರೆ ತಡ ಮಾಡುವಂತಿಲ್ಲ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸುವುದು ಇದಕ್ಕೆ ಒಳ್ಳೆಯ ರಕ್ಷಣೆ.

ಮರದ ನೆರಳಿನಲ್ಲಿ ಮೊಸರನ್ನ ತಿಂದೆವು. ಪುಟ್ಟ ಮಕ್ಕಳೊಡನೆ ಹೋಗುವವರು ಬೆಳಿಗ್ಗೆಯೇ ಹೋಗುವುದು, ಟೋಪಿ ಮತ್ತು ಸಾಕಷ್ಟು ನೀರು ಒಯ್ಯುವುದು ಒಳ್ಳೆಯದು. ಮಧ್ಯಾಹ್ನದ ಬಿಸಿಲು ಮೊಸಳೆಗಳಿಗೆ ಹಿತ, ನಮಗಲ್ಲ. ಹೊರಡುವಾಗ ಆ ಕಾವಲುಗಾರನನ್ನು ಹುಡುಕಿ ಕ್ಷಮೆ ಕೇಳಿದೆ. ಅವನು ನಕ್ಕು ಮಗನ ಟೋಪಿ ಸರಿಪಡಿಸಿದ.

ಆ ರಾತ್ರಿಯೇ ಊರಿಗೆ ಫೋನು ಮಾಡಿದೆ. ಈಗ ಬೇಸಾಯ ನೋಡಿಕೊಳ್ಳುವವನು ದೊಡ್ಡಪ್ಪನ ಕಿರಿಯ ಮಗ. ಪ್ರತಿವಿಷ ಎಲ್ಲಿ ಸಿಗುತ್ತದೆಂದು ಕೇಳಿದಾಗ ಅವನಿಗೂ ತಿಳಿದಿರಲಿಲ್ಲ. ಮರುದಿನ ವಿಚಾರಿಸಿ, “ತಾಲ್ಲೂಕು ಆಸ್ಪತ್ರೇಲಿ ಇದೆಯಂತೆ ಅಣ್ಣ. ನಂಬರನ್ನ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದೀನಿ” ಎಂದ. ಬೇಸಿಗೆ ರಜೆಗೆ ಊರಿಗೆ ಒಯ್ಯಬೇಕಾದ ಸಾಮಾನಿನ ಪಟ್ಟಿಯನ್ನು ಮಗಳು ಆಗಲೇ ಆರಂಭಿಸಿದ್ದಳು. ಮೊದಲ ಸಾಲಿನಲ್ಲಿ ಟಾರ್ಚು, ಎರಡನೆಯದರಲ್ಲಿ ಸೊಳ್ಳೆಪರದೆ. ಮೂರನೆಯದರಲ್ಲಿ, ತಮ್ಮನ ಒತ್ತಾಯಕ್ಕೆ, ಅಂಗಡಿಯಲ್ಲಿ ಕೊಂಡ ರಬ್ಬರಿನ ಮೊಸಳೆ.