ದ್ವಿಚಕ್ರ ವಾಹನದ ಬ್ಯಾಟರಿ: ಪಾಲನೆಯೇ ಉಳಿತಾಯ

ಮರಳವಾಡಿಯ ವ್ಯಾಪಾರಸ್ಥರಿಗೂ ಸಣ್ಣ ಉದ್ದಿಮೆದಾರರಿಗೂ ಮೋಟಾರ್ ಸೈಕಲ್ ಕೇವಲ ಸವಾರಿಯ ಸಾಧನವಲ್ಲ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಬಿಡಿಭಾಗ ತಲುಪಿಸುವುದು, ಕನಕಪುರದಿಂದ ಸರಕು ತರುವುದು, ಬಾಕಿ ವಸೂಲಿ, ಬ್ಯಾಂಕಿನ ವ್ಯವಹಾರ, ಇವೆಲ್ಲವೂ ಅದನ್ನು ಅವಲಂಬಿಸಿವೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹರಾಜಿನ ವೇಳೆಗೆ ತಲುಪಬೇಕಾದ ದಿನ ವಾಹನ ಚಾಲೂ ಆಗದಿದ್ದರೆ, ಆಗುವ ನಷ್ಟ ಬ್ಯಾಟರಿಯ ಬೆಲೆಯನ್ನೂ ಮೀರಬಹುದು. ಆದರೆ ಲೆಕ್ಕಪುಸ್ತಕದಲ್ಲಿ ಈ ವೆಚ್ಚ ‘ವಾಹನ ದುರಸ್ತಿ’ ಎಂಬ ಶೀರ್ಷಿಕೆಯಡಿ ಸೇರಿಹೋಗುವುದರಿಂದ, ಬ್ಯಾಟರಿಯನ್ನು ಎಷ್ಟು ತಿಂಗಳಿಗೊಮ್ಮೆ ಬದಲಾಯಿಸಲಾಗುತ್ತಿದೆ ಎಂಬುದು ಮಾಲೀಕರ ಗಮನಕ್ಕೆ ಬರುವುದಿಲ್ಲ.

ಹೆಚ್ಚಿದ ಅವಲಂಬನೆ

ಕಾರ್ಬುರೇಟರ್ ಇದ್ದ ಕಾಲದಲ್ಲಿ ಬ್ಯಾಟರಿ ದುರ್ಬಲವಾದರೂ ಅನೇಕ ವಾಹನಗಳು ಕಿಕ್ ಹೊಡೆದರೆ ಚಾಲೂ ಆಗುತ್ತಿದ್ದವು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುವ ವ್ಯವಸ್ಥೆ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನದಂಡ ಜಾರಿಗೆ ಬಂದ ಮೇಲೆ ಬಹುತೇಕ ವಾಹನಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಪೆಟ್ರೋಲ್ ಪಂಪ್ ಮಾಡುವುದಕ್ಕೂ ಅದರಲ್ಲಿ ವಿದ್ಯುತ್ ಬೇಕು. ಹೀಗಾಗಿ ಬ್ಯಾಟರಿ ಪೂರ್ತಿ ಸೋತರೆ ವಾಹನ ನಿಂತಂತೆಯೇ.

ಬ್ಯಾಟರಿ ಹಾಳಾಗುವ ಬಗೆ

ಸಾಮಾನ್ಯ 12 ವೋಲ್ಟ್ ಸೀಸ-ಆಮ್ಲ ಬ್ಯಾಟರಿಯಲ್ಲಿ 6 ಕೋಶಗಳಿರುತ್ತವೆ. ವಿದ್ಯುತ್ ವ್ಯಯವಾದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಚಾರ್ಜ್ ಮಾಡಿದಾಗ ಅದು ಕರಗುತ್ತದೆ. ಅರ್ಧ ಚಾರ್ಜ್‌ನಲ್ಲೇ ವಾರಗಟ್ಟಲೆ ಬಿಟ್ಟರೆ ಸಲ್ಫೇಟ್ ಗಟ್ಟಿಯಾಗಿ ಮರಳಿ ಕರಗದ ಸ್ಥಿತಿ ತಲುಪುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಗೋದಾಮಿಗೆ ಎಂಬಂತಹ ಅಲ್ಪದೂರದ ಓಡಾಟದಲ್ಲಿ, ಪ್ರತಿ ಬಾರಿ ಸೆಲ್ಫ್ ಸ್ಟಾರ್ಟ್ ಬಳಸಿದ ಶಕ್ತಿ ಪೂರ್ತಿಯಾಗಿ ಮರಳಿ ತುಂಬುವುದಿಲ್ಲ.

ಪರೀಕ್ಷೆ ಮತ್ತು ಚಾರ್ಜಿಂಗ್

ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳ ಬಳಿಕ ಮಲ್ಟಿಮೀಟರ್‌ನಿಂದ ಅಳೆದಾಗ 12.6ರಿಂದ 12.8 ವೋಲ್ಟ್ ಇದ್ದರೆ ಚಾರ್ಜ್ ಪೂರ್ಣವಾಗಿದೆ. 12.4ಕ್ಕಿಂತ ಇಳಿದರೆ ಚಾರ್ಜ್ ಮಾಡಬೇಕು. 12ರ ಆಸುಪಾಸಿಗೆ ಬಂದರೆ ಬಹುತೇಕ ಖಾಲಿಯಾಗಿದೆ ಎಂದೇ ಅರ್ಥ. ಹೊಸ ಬ್ಯಾಟರಿ ಕೊಳ್ಳುವ ಮೊದಲು ಎಂಜಿನ್ ವೇಗ ಹೆಚ್ಚಿಸಿ ಮತ್ತೊಮ್ಮೆ ಅಳೆಯುವುದು ಸೂಕ್ತ. ಆಗ ಸುಮಾರು 13.5ರಿಂದ 14.5 ವೋಲ್ಟ್ ಬಾರದಿದ್ದರೆ ದೋಷ ರೆಗ್ಯುಲೇಟರ್ ಅಥವಾ ಚಾರ್ಜಿಂಗ್ ಕಾಯಿಲ್‌ನಲ್ಲಿರಬಹುದು. ಹೊಸ ಬ್ಯಾಟರಿಯೂ ಬೇಗನೆ ಹಾಳಾಗುತ್ತದೆ.

ಸಾಮರ್ಥ್ಯದ ಹತ್ತನೇ ಒಂದು ಭಾಗದ ಕರೆಂಟ್‌ನಲ್ಲಿ ನಿಧಾನವಾಗಿ ಚಾರ್ಜ್ ಮಾಡುವುದು ಸುರಕ್ಷಿತ ಕ್ರಮ. 5 ಆಂಪಿಯರ್-ಅವರ್ ಬ್ಯಾಟರಿಗೆ 0.5 ಆಂಪಿಯರ್ ಸಾಕು. ಸುಮಾರು 10ರಿಂದ 12 ಗಂಟೆ ಹಿಡಿಯುತ್ತದೆ. ಇದಕ್ಕೆ ತಗಲುವ ವಿದ್ಯುತ್ ಒಂದು ಯೂನಿಟ್‌ನ ಹತ್ತನೇ ಒಂದು ಭಾಗದಷ್ಟು ಮಾತ್ರ. ಅಂದರೆ ಸುಮಾರು ಒಂದು ರೂಪಾಯಿಯ ಖರ್ಚು. ಕಾರಿನ ಅಥವಾ ಲಾರಿಯ ಚಾರ್ಜರ್ ಹಾಕಿ ಒಂದೇ ಗಂಟೆಯಲ್ಲಿ ಮುಗಿಸುವ ಆತುರ ಫಲಕಗಳನ್ನು ಕೆಡಿಸುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುವುದರಿಂದ ಗಾಳಿಯಾಡುವ ಜಾಗ ಅಗತ್ಯ; ಹತ್ತಿರ ಬೀಡಿ, ಬೆಂಕಿ ಇರಕೂಡದು.

ಪಾಲಿಸಬೇಕಾದ ಕ್ರಮಗಳು

1. ನೀರು ತುಂಬುವ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಕೊಳವೆಬಾವಿಯ ನೀರಿನಲ್ಲಿ ಲವಣಗಳಿರುತ್ತವೆ. ಆಮ್ಲ ಸೇರಿಸಕೂಡದು.

2. ಸೀಲ್ ಮಾಡಿದ ಬ್ಯಾಟರಿಯ ಮುಚ್ಚಳ ತೆರೆಯಬಾರದು.

3. ಬಿಚ್ಚುವಾಗ ಮೊದಲು ಮೈನಸ್ ತಂತಿ, ಜೋಡಿಸುವಾಗ ಮೊದಲು ಪ್ಲಸ್ ತಂತಿ.

4. ಟರ್ಮಿನಲ್‌ನ ಬಿಳಿಪುಡಿ ತೆಗೆದು ಪೆಟ್ರೋಲಿಯಂ ಜೆಲ್ಲಿ ಸವರಬೇಕು.

5. ವಾಹನ ಬಹುದಿನ ನಿಲ್ಲುವುದಾದರೆ ಮೈನಸ್ ತಂತಿ ತೆಗೆದಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು.

ಖರೀದಿ ಮತ್ತು ವಿಲೇವಾರಿ

ಸೀಸ-ಆಮ್ಲ ಬ್ಯಾಟರಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ರಸೀದಿಯನ್ನೂ ವಾರಂಟಿ ಕಾರ್ಡನ್ನೂ ಒಟ್ಟಿಗೆ ಇಡುವುದು ಕ್ಷೇಮ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿಯನ್ನು ಇತರ ಕಸದೊಡನೆ ಬೆರೆಸುವಂತಿಲ್ಲ. ಮಾರಾಟಗಾರರಿಗೆ ಹಿಂದಿರುಗಿಸಿದರೆ ಅದರ ಸೀಸಕ್ಕೂ ಬೆಲೆ ಸಿಗುತ್ತದೆ.

ಬ್ಯಾಟರಿ ಹಾಕಿಸಿದ ದಿನಾಂಕ, ಚಾರ್ಜ್ ಮಾಡಿದ ದಿನ ಮತ್ತು ವೋಲ್ಟೇಜ್, ಈ ಮೂರನ್ನು ವಾಹನದ ಪುಸ್ತಕದಲ್ಲಿ ಬರೆದಿಟ್ಟರೆ, ಎರಡನೆಯ ವರ್ಷದ ಲೆಕ್ಕದಲ್ಲಿ ಉಳಿತಾಯ ತಾನೇ ಗೋಚರಿಸುತ್ತದೆ.