ತುಕ್ಕಿಗೆ ಸತುವಿನ ಕವಚ

ಹಿತ್ತಲಿನ ಮೂಲೆಯಲ್ಲಿ ಹಲವು ಮಳೆಗಾಲಗಳನ್ನು ಕಂಡ ಹಳೆಯ ಸೈಕಲ್ಲೊಂದನ್ನು ಮತ್ತೆ ಓಡಿಸಬೇಕೆಂಬ ಹುರುಪು ಅನೇಕ ವಿದ್ಯಾರ್ಥಿಗಳಲ್ಲಿ ಮೂಡುವುದುಂಟು. ಕೈಹಾಕಿದೊಡನೆ ಎದುರಾಗುವ ಶತ್ರು ತುಕ್ಕು. ಅದನ್ನು ಉಜ್ಜಿ ತೆಗೆದೊಡನೆ ಕೆಲಸ ಮುಗಿಯಲಿಲ್ಲ. ಬರಿಮೈಯ ಕಬ್ಬಿಣಕ್ಕೆ ತೇವ ತಗುಲಿದರೆ ಮತ್ತೆ ತುಕ್ಕು ಹಿಡಿಯುವುದು. ಅದಕ್ಕೊಂದು ಹೊದಿಕೆ ಬೇಕು.

ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಂಡು, ಆಮ್ಲಜನಕ ಮತ್ತು ನೀರಿನೊಡನೆ ಸೇರಿದಾಗ ತುಕ್ಕು ಹುಟ್ಟುತ್ತದೆ. ಅಲ್ಯುಮಿನಿಯಮ್ಮಿನ ಮೇಲೆ ಮೂಡುವ ಆಕ್ಸೈಡು ಬಿಗಿಯಾಗಿ ಅಂಟಿಕೊಂಡು ಲೋಹವನ್ನು ಕಾಯುತ್ತದೆ. ತುಕ್ಕಾದರೋ ಉಬ್ಬಿ, ಹಕ್ಕಳೆಯಾಗಿ ಉದುರಿ, ಒಳಗಿನ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ.

ಸತುವೇ ಏಕೆ?

ಪಾತ್ರೆಗಳಿಗೆ ಹಾಕುವ ಕಲಾಯಿಯನ್ನು ನೀವು ಬಲ್ಲಿರಿ. ಅದು ತವರದ ಲೇಪ. ಕಬ್ಬಿಣದ ಮೇಲಿನ ತವರದ ಲೇಪದಲ್ಲಿ ಗೀರು ಬಿದ್ದರೆ, ಅಲ್ಲಿ ಕಬ್ಬಿಣವು ಮೊದಲಿಗಿಂತ ಬೇಗ ಸವೆಯುತ್ತದೆ. ಸತುವಿನ ಸ್ವಭಾವ ಬೇರೆ. ಪ್ರಮಾಣ ವಿಭವಗಳನ್ನು ಹೋಲಿಸಿ ನೋಡಿ: ಸತು −0.76 ವೋಲ್ಟ್, ಕಬ್ಬಿಣ −0.44, ತವರ −0.14. ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದರಲ್ಲಿ ಸತು ಕಬ್ಬಿಣಕ್ಕಿಂತ ಉದಾರಿ. ಆದುದರಿಂದ ಗೀರು ಬಿದ್ದಲ್ಲಿಯೂ ಸತುವು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ.

ಲೇಪಿಸುವ ಬಗೆ

ವೋಲ್ಟಾ 1800ರಲ್ಲಿ ವಿದ್ಯುತ್ಕೋಶಗಳ ಕಂಬವನ್ನು ಪ್ರಕಟಿಸಿದನು. 1805ರಲ್ಲಿಯೇ ಇಟಲಿಯ ಬ್ರುನ್ಯಾಟೆಲ್ಲಿಯು ವಿದ್ಯುತ್ತಿನಿಂದ ಚಿನ್ನವನ್ನು ಲೇಪಿಸಿದನು. ನಮ್ಮ ಕೆಲಸದ ತತ್ತ್ವವೂ ಅದೇ.

ಮೊದಲು ನಟ್ಟು, ಬೋಲ್ಟುಗಳ ಜಿಡ್ಡನ್ನು ಬಿಸಿನೀರು ಮತ್ತು ವಾಷಿಂಗ್ ಸೋಡದಿಂದ ತೊಳೆಯಬೇಕು. ಬಳಿಕ ವಿನಿಗರಿನಲ್ಲಿ ನೆನೆಯಿಟ್ಟು, ಸಡಿಲಗೊಂಡ ತುಕ್ಕನ್ನು ಬ್ರಷ್ಷಿನಿಂದ ತೆಗೆಯಬೇಕು. ಸುರಿದ ನೀರು ಹನಿಹನಿಯಾಗದೆ ತೆಳುಪೊರೆಯಾಗಿ ಹರಡಿದರೆ ಮೈ ಶುದ್ಧವಾಯಿತೆಂದು ತಿಳಿಯಿರಿ. ಜಿಡ್ಡು ಉಳಿದಲ್ಲಿ ಸತು ಅಂಟದು.

ಒಂದು ಲೀಟರ್ ಬಟ್ಟಿಯಿಳಿಸಿದ ನೀರಿನಲ್ಲಿ ಸುಮಾರು 200 ಗ್ರಾಂ ಜಿಂಕ್ ಸಲ್ಫೇಟನ್ನು ಗಾಜಿನ ಪಾತ್ರೆಯಲ್ಲಿ ಕರಗಿಸಿ. ಸತುವಿನ ತಗಡನ್ನು ಬ್ಯಾಟರಿಯ ಧನಧ್ರುವಕ್ಕೂ ಕಬ್ಬಿಣದ ಭಾಗವನ್ನು ಋಣಧ್ರುವಕ್ಕೂ ಜೋಡಿಸಿ, ಒಂದಕ್ಕೊಂದು ತಾಗದಂತೆ ಇಳಿಬಿಡಿ. ದೊಡ್ಡ ಟಾರ್ಚಿನ ಎರಡು ಸೆಲ್ಲುಗಳು ಸಾಕು. ಮನೆಯ ವಿದ್ಯುತ್ತನ್ನು ಎಂದಿಗೂ ನೇರವಾಗಿ ಬಳಸಕೂಡದು. ಮಂಡಲದಲ್ಲಿ ಅಮ್ಮೀಟರ್ ಮತ್ತು ರಿಯೋಸ್ಟಾಟ್ ಇರಲಿ. ತಗಡಿನಿಂದ ಸತು ಅಯಾನುಗಳಾಗಿ ಕರಗುತ್ತದೆ. ದ್ರಾವಣದ ಅಯಾನುಗಳು ಕಬ್ಬಿಣದ ಮೇಲೆ ಎಲೆಕ್ಟ್ರಾನುಗಳನ್ನು ಪಡೆದು ಮತ್ತೆ ಲೋಹವಾಗಿ ನಿಲ್ಲುತ್ತವೆ.

ಎಷ್ಟು ಸತು ಕೂಡೀತು? 1830ರ ದಶಕದಲ್ಲಿ ಫ್ಯಾರಡೆ ಕೊಟ್ಟ ನಿಯಮವೇ ಇದಕ್ಕೆ ಉತ್ತರ. 96,500 ಕೂಲಂಬುಗಳಿಗೆ 32.7 ಗ್ರಾಂ. ಅರ್ಧ ಆಂಪಿಯರ್ ಪ್ರವಾಹವು ಒಂದು ಗಂಟೆ ಹರಿದರೆ 1,800 ಕೂಲಂಬುಗಳು. ಅಂದರೆ ಸುಮಾರು 0.61 ಗ್ರಾಂ. ಮೈಯ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಇದ್ದರೆ ಲೇಪದ ದಪ್ಪ ಮಿಲಿಮೀಟರಿನ 120ರಲ್ಲಿ ಒಂದು ಪಾಲಿನಷ್ಟು. ಪ್ರವಾಹದ ಕೆಲಭಾಗ ಜಲಜನಕವನ್ನು ಬಿಡಿಸುವುದಕ್ಕೆ ವ್ಯಯವಾಗುವುದರಿಂದ ನಿಜವಾದ ದಪ್ಪ ತುಸು ಕಡಿಮೆ. ಅವಸರಪಟ್ಟು ಪ್ರವಾಹವನ್ನು ಹೆಚ್ಚಿಸಿದರೆ ಲೇಪವು ಕಪ್ಪಾಗಿ, ಸ್ಪಂಜಿನಂತೆ ಉದುರುವುದು. ತಗಡಿಗೆ ಎದುರಾದ ಮಗ್ಗುಲಲ್ಲಿ ಸತು ಹೆಚ್ಚು ಕೂಡುವುದರಿಂದ ಭಾಗವನ್ನು ಆಗಾಗ ತಿರುಗಿಸುತ್ತಿರಬೇಕು.

ಎಚ್ಚರಿಕೆಗಳು

ಹೀಗೆ ಬಿಡುಗಡೆಯಾಗುವ ಜಲಜನಕ ಎರಡು ಬಗೆಯಲ್ಲಿ ಅಪಾಯಕಾರಿ. ಅದು ಹೊತ್ತಿಕೊಳ್ಳುವ ಅನಿಲ. ಗಾಳಿಯಾಡುವ ಸ್ಥಳದಲ್ಲಿ, ಬೆಂಕಿಯಿಂದ ದೂರದಲ್ಲಿ ಕೆಲಸ ಮಾಡಬೇಕು. ಎರಡನೆಯದು ಕಣ್ಣಿಗೆ ಕಾಣದು. ಅದರ ಪರಮಾಣುಗಳು ಹೆಚ್ಚು ಗಡಸಾದ ಉಕ್ಕಿನೊಳಕ್ಕೆ ನುಸುಳಿ ಅದನ್ನು ಪೆಡಸಾಗಿಸುತ್ತವೆ. ಹೊಳೆಯುವ ಬೋಲ್ಟು ಭಾರ ಬಿದ್ದಾಗ ಥಟ್ಟನೆ ಮುರಿದೀತು. ಕಾರ್ಖಾನೆಗಳಲ್ಲಿ ಇಂತಹ ಭಾಗಗಳನ್ನು ಲೇಪದ ಬಳಿಕ ಗಂಟೆಗಟ್ಟಲೆ ಕಾಯಿಸಿ ಈ ದೋಷವನ್ನು ನಿವಾರಿಸುತ್ತಾರೆ. ಆದ್ದರಿಂದ ಬ್ರೇಕು, ಸ್ಟೀರಿಂಗುಗಳ ಬೋಲ್ಟುಗಳನ್ನೂ ಸ್ಪ್ರಿಂಗುಗಳನ್ನೂ ಮನೆಯಲ್ಲಿ ಲೇಪಿಸಬೇಡಿರಿ, ಹೊಸದನ್ನು ಕೊಳ್ಳಿರಿ.

ಹ್ಯಾಂಡಲ್ಲಿನ ಕನ್ನಡಿಯಂತಹ ಹೊಳಪು ಬರುವುದು ನಿಕ್ಕಲ್ಲಿನ ಮೇಲೆ ಕೊಟ್ಟ ಕ್ರೋಮಿಯಮ್ಮಿನ ತೆಳು ಲೇಪದಿಂದ. ಅದಕ್ಕೆ ಬಳಸುವ ಕ್ರೋಮಿಕ್ ಆಮ್ಲವು ಕ್ಯಾನ್ಸರ್ ತರಬಲ್ಲದು. ಆ ಕೆಲಸ ಮನೆಗೆ ತಕ್ಕುದಲ್ಲ. ಸತುವಿನ ತಗಡಿನ ಬದಲು ಸ್ಟೇನ್‌ಲೆಸ್ ಚಮಚವನ್ನು ಧನಧ್ರುವಕ್ಕೆ ಕಟ್ಟುವುದೂ ಸಲ್ಲದು. ಅದರಲ್ಲಿಯೂ ಕ್ರೋಮಿಯಂ ಉಂಟು. ಕೈಗವಸು, ಕನ್ನಡಕ ಧರಿಸಿರಿ. ಉಳಿದ ದ್ರಾವಣವು ಮೀನುಗಳಿಗೆ ವಿಷ. ಕೆರೆಗೂ ಚರಂಡಿಗೂ ಸುರಿಯದೆ, ಹೆಸರು ಬರೆದ ಸೀಸೆಯಲ್ಲಿಟ್ಟು ಮುಂದಿನ ಸಲಕ್ಕೆ ಬಳಸಿರಿ.

ಮನೆಯಲ್ಲಿ ಕೂಡಿದ ಸತುವಿನ ಬಣ್ಣ ಮಂಕಾದ ಬೂದಿ. ಅಡಿಗೆ ಸೋಡದಿಂದ ಮೆಲ್ಲನೆ ಉಜ್ಜಿದರೆ ಸ್ವಲ್ಪ ಬೆಳಗೀತು. ಆದರೆ ಕವಚದ ಯೋಗ್ಯತೆಯನ್ನು ಅಳೆಯಬೇಕಾದುದು ಹೊಳಪಿನಿಂದಲ್ಲ, ಅದು ಕಾಯುವ ಕಾಲದಿಂದ. ಲೇಪಿಸಿದ ಬೋಲ್ಟೊಂದನ್ನೂ ಬರಿಯ ಬೋಲ್ಟೊಂದನ್ನೂ ಜೊತೆಯಾಗಿ ಉಪ್ಪುನೀರಿನಲ್ಲಿಟ್ಟು, ದಿನವೂ ನೋಡಿ ಬರೆದಿಡಿರಿ.