ಗ್ರೀಕ್ ಮಹಾಕಾವ್ಯಗಳ ಆಧುನಿಕ ಅನುವಾದ: ಕಲಬುರಗಿ ಸೀಮೆಯಿಂದ ಒಂದು ವಿವೇಚನೆ

ಹೋಮರನ ಹೆಸರಿನಲ್ಲಿ ನಿಂತಿರುವ ಇಲಿಯಡ್ ಮತ್ತು ಒಡಿಸ್ಸಿಗಳು ಕ್ರಿ. ಪೂ. ಎಂಟು-ಏಳನೆಯ ಶತಮಾನಗಳಲ್ಲಿ ರೂಪುಗೊಂಡುವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಮೊದಲನೆಯದರಲ್ಲಿ ಸುಮಾರು 15,700, ಎರಡನೆಯದರಲ್ಲಿ ಸುಮಾರು 12,100 ಪಂಕ್ತಿಗಳುಂಟು. ಇವು ಮೂಲತಃ ಕೇಳುವ ಕಾವ್ಯಗಳು. ವೀರರಿಗೂ ದೇವತೆಗಳಿಗೂ ಮರಳಿ ಮರಳಿ ಬರುವ ವಿಶೇಷಣಗಳು ಹಾಡುಗಾರನ ಪರಂಪರಾಗತ ಸಾಮಗ್ರಿಯೆಂಬುದನ್ನು ಅಮೆರಿಕದ ಮಿಲ್ಮನ್ ಪ್ಯಾರಿ ತೋರಿಸಿಕೊಟ್ಟನು. 1933-35ರಲ್ಲಿ ಯುಗೊಸ್ಲಾವಿಯದ ಹಾಡುಗಾರರನ್ನು ಧ್ವನಿಮುದ್ರಿಸಿ ಇದರ ಜೀವಂತ ನಿದರ್ಶನಗಳನ್ನು ಸಂಗ್ರಹಿಸಿದನು. ಹಾಗಾದರೆ ಅನುವಾದಕನು ಕಣ್ಣಿಗಾಗಿ ಬರೆಯಬೇಕೆ, ಕಿವಿಗಾಗಿ ಬರೆಯಬೇಕೆ? ಈ ಪ್ರಶ್ನೆಯನ್ನೇ ನಾವಿಲ್ಲಿ ವಿವೇಚಿಸುತ್ತೇವೆ.

ಇಂಗ್ಲಿಷಿನಲ್ಲಿ ಮೂರು ಮಾರ್ಗಗಳು ಕಂಡುಬರುತ್ತವೆ. 1946ರಲ್ಲಿ ಇ. ವಿ. ರ್‍ಯೂ ಒಡಿಸ್ಸಿಯನ್ನು ಸರಳ ಗದ್ಯಕ್ಕೆ ತಂದು ಸಾಮಾನ್ಯ ಓದುಗರನ್ನು ತಲಪಿದನು. 1951ರಲ್ಲಿ ರಿಚ್ಮಂಡ್ ಲ್ಯಾಟಿಮೋರ್ ಇಲಿಯಡ್ಡಿನ ಪಂಕ್ತಿಗಳನ್ನೂ ಅದರ ಪುನರುಕ್ತಿಗಳನ್ನೂ ಉಳಿಸಿಕೊಂಡನು. 2017ರಲ್ಲಿ ಎಮಿಲಿ ವಿಲ್ಸನ್ ಒಡಿಸ್ಸಿಯನ್ನು ಮೂಲದಷ್ಟೇ ಪಂಕ್ತಿಗಳಲ್ಲಿ, ಇಂಗ್ಲಿಷಿನ ಪರಿಚಿತ ಛಂದಸ್ಸಿನಲ್ಲಿ ಅನುವಾದಿಸಿದರೂ, ಪುನರಾವರ್ತಿತ ವಿಶೇಷಣಗಳನ್ನು ಬುದ್ಧಿಪೂರ್ವಕವಾಗಿ ಬದಲಿಸುತ್ತ ಹೋದಳು.

ಕನ್ನಡದಲ್ಲಿ ಗ್ರೀಕ್ ವೀರಯುಗದೊಡನೆ ಗಂಭೀರ ಸಂಬಂಧ ಬೆಳೆಸಿದವರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಪ್ರಮುಖರು. ಇಲಿಯಡ್ಡಿನಲ್ಲಿಯೂ ಬರುವ ವೀರ ಏಯಾಸನನ್ನು ಕುರಿತ ಸಾಫೊಕ್ಲಿಸನ ನಾಟಕವನ್ನು ಅವರು 1929ರ ‘ಅಶ್ವತ್ಥಾಮನ್’ ಕೃತಿಯಲ್ಲಿ ಮಹಾಭಾರತದ ಆವರಣಕ್ಕೆ ಅಳವಡಿಸಿದರು. 1935ರ ‘ಪಾರಸಿಕರು’ ನಾಟಕದಲ್ಲಿಯಾದರೋ ಈಸ್ಕಿಲಸನ ಪಾತ್ರಗಳು ಪರದೇಶೀಯರಾಗಿಯೇ ಉಳಿದರು. ಮುಂದೆ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಹೋಮರನ ದೀರ್ಘ ಉಪಮೆಯನ್ನು ಮಹೋಪಮೆಯಾಗಿ ನೆಲೆಗೊಳಿಸಿದರು.

ಛಂದಸ್ಸಿನಲ್ಲಿಯೂ ಒಂದು ಅನುಕೂಲವುಂಟು. ಹೋಮರನ ಪಂಕ್ತಿಯಲ್ಲಿ ಆರು ಗಣಗಳು. ಒಂದೊಂದೂ ಒಂದು ಗುರು ಎರಡು ಲಘು, ಇಲ್ಲವೆ ಎರಡು ಗುರು. ಕಡೆಯ ಅಕ್ಷರ ಮಾತ್ರ ಲಘುವೂ ಆಗಬಹುದು. ನಮ್ಮ ಲೆಕ್ಕದಲ್ಲಿ ಇವು ನಾಲ್ಕು ಮಾತ್ರೆಯ ಗಣಗಳೇ ಸರಿ. ಕಂದಪದ್ಯವೂ ಮಂದಾನಿಲ ರಗಳೆಯೂ ಸಾಮಾನ್ಯವಾಗಿ ಇದೇ ಗಣದಿಂದ ನಡೆಯುತ್ತವೆ. ಉಚ್ಚಾರದ ಒತ್ತನ್ನು ನೆಚ್ಚಿದ ಇಂಗ್ಲಿಷಿಗೆ ಸುಲಭವಾಗಿ ದೊರೆಯದ ಗುರು-ಲಘು ವ್ಯವಸ್ಥೆ ಕನ್ನಡಕ್ಕೆ ಸಹಜವಾದುದು. ಮಾತ್ರಾಸಾಮ್ಯವೊಂದರಿಂದಲೇ ಕಾವ್ಯ ಸಿದ್ಧಿಸದೆಂಬುದು ನಿಜ; ಗ್ರೀಕ್ ಪಂಕ್ತಿಯ ಯತಿ ಬಹುಮಟ್ಟಿಗೆ ಮೂರನೆಯ ಗಣದ ನಡುವೆ ಬೀಳುತ್ತದೆ. ಆದರೂ ದಾರಿ ಮುಚ್ಚಿಲ್ಲ.

ಪರದೇಶದ ಯುದ್ಧಕಥೆ ಕನ್ನಡದ ಕಿವಿಗೆ ಒಗ್ಗೀತೆ ಎಂದು ಕೇಳುವವರಿಗೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನೊಳಗೊಂಡ ಕಲಬುರಗಿ ಸೀಮೆಯೇ ಉತ್ತರ ಕೊಡುತ್ತದೆ. ಕ್ರಿ. ಶ. 680ರಲ್ಲಿ ಕರ್ಬಲಾದಲ್ಲಿ ನಡೆದ ದುರಂತವನ್ನು ಇಲ್ಲಿಯ ಜನರು ಮೊಹರಮ್ಮಿನಲ್ಲಿ ರಿವಾಯತ ಪದಗಳಾಗಿ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ. ವೀರರ ಹೆಸರೂ ರಣಭೂಮಿಯ ಹೆಸರೂ ಪರದೇಶದವೇ. ಮಟ್ಟು, ಪಲ್ಲವಿ, ನುಡಿ ಮಾತ್ರ ಈ ನೆಲದವು. ಅಶ್ವತ್ಥಾಮನಾಗಿ ವೇಷ ಬದಲಿಸದೆಯೂ ಹೊರಗಿನ ವೀರನು ನಮ್ಮವನಾಗಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದು ಕೇವಲ ರಸಿಕರ ಚರ್ಚೆಯಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದು ಮಾಧ್ಯಮವನ್ನು ಅಂಗೀಕರಿಸಿ, ಅದಕ್ಕೆಂದೇ ಭಾಷಾಂತರ ಇಲಾಖೆಯೊಂದನ್ನು ನಡೆಸಿತು. ಆ ಸಂಸ್ಥಾನದ ಕನ್ನಡ ವಿದ್ಯಾರ್ಥಿಗೆ ತನ್ನ ನುಡಿಯಲ್ಲಿ ಅಂಥ ಆಸರೆ ದೊರೆಯಲಿಲ್ಲ. 1956ರ ಏಕೀಕರಣದಿಂದ ಆಡಳಿತದ ಗಡಿ ಅಳಿಯಿತು. ಆದರೆ ಪ್ರಾಚೀನ ಗ್ರೀಸಿನ ಚರಿತ್ರೆಯನ್ನು ಓದುವ ಈ ಭಾಗದ ವಿದ್ಯಾರ್ಥಿಗೆ ಹೋಮರನು ಪರೀಕ್ಷೆಗೆಂದು ಕಂಠಪಾಠ ಮಾಡುವ ಹೆಸರಾಗಿಯಷ್ಟೇ ಉಳಿದರೆ, ಆ ಚರಿತ್ರೆಯ ಜೀವವೇ ಅವನಿಗೆ ದಕ್ಕದು.

ಆದುದರಿಂದ ಕನ್ನಡದ ಹೋಮರನು ಗದ್ಯದ ಕಥಾಸಾರದಲ್ಲಿ ನಿಲ್ಲಬಾರದೆಂಬುದು ನಮ್ಮ ಅಭಿಪ್ರಾಯ. ನಾಲ್ಕು ಮಾತ್ರೆಯ ನಡೆ, ಉಳಿಸಿಕೊಂಡ ವಿಶೇಷಣಗಳು, ಬದಲಿಸದ ಹೆಸರುಗಳು, ಗಟ್ಟಿಯಾಗಿ ಓದಿದರೆ ತಿಳಿಯುವ ನುಡಿ—ಇವಿಷ್ಟನ್ನು ಅನುವಾದಕನು ಪಾಲಿಸತಕ್ಕದ್ದು. ರಿವಾಯತ ಕೇಳಿ ಬೆಳೆದ ಕಿವಿ ಅದನ್ನು ಪರಕೀಯವೆಂದು ತಳ್ಳಲಾರದು.